ಅವ್ವನ ತಲೆನೋವನ್ನು ನೋಡಲು ಬಂದವರು

ನನ್ನ ಹೊಲಿಗೆ ಮಷೀನಿನ ಖಾನೆ ಎಳೆದರೆ ಬಾಮಿನ ಖಾಲಿ ಬಾಟಲಿಗಳು ಗಲಗಲ ಅನ್ನುತ್ತವೆ. ಒಂದರಲ್ಲಿ ಹುಕ್ಕು, ಒಂದರಲ್ಲಿ ಗುಂಡಿ, ಇನ್ನೊಂದರಲ್ಲಿ ತುದಿ ಮುರಿದ ಸೂಜಿಗಳು. ಎಷ್ಟು ಸಲ ಬಿಸಿನೀರಿನಲ್ಲಿ ತೊಳೆದರೂ ಅವುಗಳ ವಾಸನೆ ಹೋಗಿಲ್ಲ. ಸ್ಟೇಷನ್ ರಸ್ತೆಯ ಅಂಗಡಿಯೊಂದರಲ್ಲಿ ಕೆಲಸಕ್ಕಿರುವ ಹುಡುಗಿಯೊಬ್ಬಳು ಮೊನ್ನೆ ಹೊಸ ಬ್ಲೌಸ್ ತೊಟ್ಟು ನೋಡಿ, "ಅಕ್ಕಾರ, ಹೊಲಿಗಿ ಛಲೋ ಬಂದೈತ್ರಿ, ಆದ್ರ ಇದನ್ನ ಹಾಕ್ಕೊಂಡ್ರ ನಮ್ಮ ಆಯಿ ಬಾಜೂಕ ಕುಂತಂಗ ಆಗ್ತೈತ್ರಿ" ಎಂದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಈ ಬಾಟಲಿಗಳನ್ನೆಲ್ಲ ಖಾಲಿ ಮಾಡಿದ್ದು ನಮ್ಮ ಅವ್ವನ ಹಣೆ. ಆ ಹಣೆಯ ಕೆಳಗಿನ ಎಡಗಣ್ಣು ಕಳೆದ ಚಳಿಗಾಲದಲ್ಲಿ ಹೋಗಿಯೇಬಿಡುತ್ತಿತ್ತು. ಹೋಗುವಂತೆ ಮಾಡಲು ನಮ್ಮ ಬಂಧುಬಳಗ ತನ್ನ ಕೈಲಾದದ್ದನ್ನೆಲ್ಲ ಮಾಡಿತ್ತು. ಅದನ್ನು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಮ್ಮ ಕಡೆ ಬಾಮು ಔಷಧವಲ್ಲ, ನೆಂಟ. ಕರೆಯದಿದ್ದರೂ ಬರುತ್ತದೆ, ಬಂದ ಕೆಲಸ ಮಾಡುವುದಿಲ್ಲ, ಹೋದ ಮೇಲೂ ವಾಸನೆ ಬಿಟ್ಟುಹೋಗುತ್ತದೆ. ಅದು ಹಣೆಯನ್ನು ಉರಿಸುತ್ತದೆ, ಹಣೆ ಉರಿಯುವಾಗ ತಲೆನೋವಿನ ನೆನಪು ಬರುವುದಿಲ್ಲ, ಅಷ್ಟೇ. ಯಾರಾದರೂ ಬಂದು ಜೋರಾಗಿ ಕಾಲು ತುಳಿದರೂ ಇದೇ ಗುಣ ಸಿಗುತ್ತದೆ. ಇದನ್ನು ಹೇಳಿದರೆ ನಮ್ಮವರು ನನ್ನನ್ನು ನಾಸ್ತಿಕಳನ್ನು ನೋಡಿದಂತೆ ನೋಡುತ್ತಾರೆ.

ನಾನು ಹುಟ್ಟಿ ಬೆಳೆದದ್ದು ತಿಕೋಟೆಯಲ್ಲಿ. ದ್ರಾಕ್ಷಿ ಸುಗ್ಗಿ ಬಂತೆಂದರೆ ಅವ್ವ ಮಣೂಕದ ಶೆಡ್ಡಿಗೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಒಣದ್ರಾಕ್ಷಿ ಬಂಗಾರದ ಬಣ್ಣಕ್ಕೆ ಬರಲಿ ಎಂದು ಅಲ್ಲಿ ಗಂಧಕದ ಹೊಗೆ ಹಾಕುತ್ತಾರೆ. ಹೊಗೆಯ ಘಾಟು ಮೂಗಿನಲ್ಲಿ ಕೂತು, ದಿನವಿಡೀ ತಲೆ ಬಗ್ಗಿಸಿ ಕಡ್ಡಿ ಆರಿಸಿ, ಸಂಜೆ ಮನೆಗೆ ಬರುವಾಗ ಅವ್ವನ ತಲೆಗೊಂದು ಬಟ್ಟೆ ಬಿಗಿದಿರುತ್ತಿತ್ತು. ಆ ಬಟ್ಟೆಯನ್ನು ಓದಲು ನಾವು ಮಕ್ಕಳು ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆವು. ಹಳೇ ಸೀರೆಯ ಸಣ್ಣ ಪಟ್ಟಿ ಕಟ್ಟಿದ್ದರೆ ತಲೆನೋವು ಸಾಧಾರಣದ್ದು, ಏನಾದರೂ ಕೇಳಬಹುದು. ಅಪ್ಪನ ಟವೆಲ್ಲು ಕಟ್ಟಿದ್ದರೆ ಹಿತ್ತಲ ಬಾಗಿಲಿನಿಂದ ಹೊರಗೆ ಓಡಬೇಕು. ಹೀಗೆ ಬಟ್ಟೆ ನೋಡಿ ಓಡುವುದನ್ನು ಕಲಿತವರು ಬಟ್ಟೆಯ ಕೆಳಗೆ ಒಂದು ಮುಖ ಇರುತ್ತದೆ ಎಂಬುದನ್ನು ಮರೆಯುತ್ತಾರೆ. ನಮ್ಮ ಮನೆಯಲ್ಲಿ ಎಲ್ಲರೂ ಮರೆತರು.

ಜ್ವರದ ಕತೆ ಬೇರೆ. ಜ್ವರ ನಮಗೆ ಹಬ್ಬ. ಗಟ್ಟಿಮುಟ್ಟಾಗಿದ್ದಾಗ ಜೋಳದ ರೊಟ್ಟಿ, ಪುಂಡಿಪಲ್ಲೆ. ಜ್ವರ ಬಂದರೆ ಬ್ರೆಡ್ಡು, ಚಹಾ, ಮೋಸಂಬಿ. ನನ್ನ ತಮ್ಮ ಬ್ರೆಡ್ಡಿನ ಆಸೆಗೆ ಕಂಕುಳಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ಬಿಸಿಲಿಗೆ ಕೂತು, ಜ್ವರವೂ ಬಾರದೆ ಬ್ರೆಡ್ಡೂ ಸಿಗದೆ, ನಾರುತ್ತಾ ಶಾಲೆಗೆ ಹೋದವನು. ನಿಜವಾಗಿ ಜ್ವರ ಬಂದರೆ ಶಿಕ್ಷೆಯೂ ಇತ್ತು. ಮೈ ಕೆಂಡವಾದವರಿಗೆ ಒಂದರ ಮೇಲೊಂದು ಕೌದಿ ಹೊದಿಸಿ, ಕಿಟಕಿ ಬಾಗಿಲು ಹಾಕಿ, ಬೆವರು ಬರುವವರೆಗೆ ಒತ್ತಿ ಹಿಡಿಯುತ್ತಿದ್ದರು. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಕೌದಿಯಿಲ್ಲದೆಯೇ ಊರಿಗೆ ಊರೇ ಬೆವರುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ತೆಳ್ಳನೆಯ ಬಟ್ಟೆ, ಕುಡಿಯಲು ನೀರು, ಗಾಳಿ, ನಿದ್ದೆ, ಇಷ್ಟು ಕೊಡಿ ಎಂದರೆ ಅದೇನು ಮಹಾ ಔಷಧ ಎಂದು ನಗುತ್ತಿದ್ದರು. ಪುಕ್ಕಟೆ ಸಿಗುವ ಯಾವುದಕ್ಕೂ ನಮ್ಮಲ್ಲಿ ಮರ್ಯಾದೆಯಿಲ್ಲ.

ಇನ್ನು ಡಾಕ್ಟರು. ನಮ್ಮವರ ಪ್ರಕಾರ ಸೂಜಿ ಚುಚ್ಚದವನು ಡಾಕ್ಟರೇ ಅಲ್ಲ. ನಾಲಿಗೆ ನೋಡಿ, ಎದೆಗೆ ಕೊಳವೆ ಹಿಡಿದು, ವಿಶ್ರಾಂತಿ ತಗೊಳ್ಳಿ ಎಂದು ಹೇಳಿ ಕಳಿಸಿದವನ ಹೆಸರನ್ನು ಬಸ್ ಸ್ಟ್ಯಾಂಡಿನವರೆಗೂ ಬೈದುಕೊಂಡು ಬರುತ್ತಾರೆ. ಸೂಜಿಗಿಂತ ದೊಡ್ಡದು ಸಲಾಯನ್. ಬಾಟಲಿ ತೂಗುಹಾಕಿ ಕೈಗೆ ನಳಿಗೆ ಹಚ್ಚಿದರೆ ಅರ್ಧ ರೋಗ ಆಗಲೇ ಹೋಯಿತು. ಬಬಲೇಶ್ವರದ ನಮ್ಮ ಸೋದರತ್ತೆ ಶಿವಲೀಲತ್ತಿ ಮಗಳ ಮದುವೆಯ ದಣಿವಿಗೆ ಸಲಾಯನ್ ಏರಿಸಿಕೊಂಡವಳು. ಬೀಗರ ಮೇಲಿನ ಸಿಟ್ಟಿಗೂ ಒಮ್ಮೆ ಏರಿಸಿಕೊಂಡಿದ್ದಳೆಂದು ಅವ್ವ ಹೇಳುತ್ತಾಳೆ.

ಇವೆಲ್ಲವನ್ನೂ ಸಹಿಸಬಹುದು. ಸಹಿಸಲಾಗದ್ದು ನಮ್ಮ ಕಡೆಯ ಮಾತಾಡಿಸಿಕೊಂಡು ಬರುವ ಪದ್ಧತಿ. ಯಾರಿಗಾದರೂ ಮೈಯಲ್ಲಿ ಆರಾಮಿಲ್ಲ ಎಂದರೆ ಹೋಗಿ ಮಾತಾಡಿಸಲೇಬೇಕು. ಹೋಗದಿದ್ದರೆ ಮುಂದಿನ ಮದುವೆಯವರೆಗೂ ಆ ಮಾತು ಬರುತ್ತದೆ. ಹೋದವರು ಬ್ರೆಡ್ಡಿನ ಪ್ಯಾಕೀಟು ತಲೆದಿಂಬಿನ ಬಳಿ ಇಡಬೇಕು, ಇದೇ ರೋಗದಿಂದ ಸತ್ತ ಒಬ್ಬರ ಕತೆ ಹೇಳಬೇಕು, ಒಂದು ಔಷಧ ಹೇಳಬೇಕು, ಚಹಾ ಕುಡಿಯಬೇಕು. ಚಹಾ ಮಾಡುವವರು ಯಾರು ಎಂದು ಯಾರೂ ಕೇಳುವುದಿಲ್ಲ. ಜ್ವರ ಬಂದ ಹೆಂಗಸು ತಾನೇ ಎದ್ದು ತನ್ನ ಜ್ವರ ವಿಚಾರಿಸಲು ಬಂದವರಿಗೆ ಚಹಾ ಕಾಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತು ಎಂದವರನ್ನೂ ಕಂಡಿದ್ದೇನೆ.

ಅವ್ವ ಇರುವುದು ತಿಕೋಟೆಯಲ್ಲಿ, ತಮ್ಮನ ಮನೆಯಲ್ಲಿ. ಎಳ್ಳಮವಾಸ್ಯೆಗೆ ನಿಡೋಣಿಯ ನೆಂಟರ ಹೊಲಕ್ಕೆ ಊಟಕ್ಕೆ ಹೋಗಿ, ಥಂಡಿ ಗಾಳಿಯಲ್ಲಿ ಸಂಜೆಯವರೆಗೂ ಕೂತು, ಅಲ್ಲಿಂದ ನೇರವಾಗಿ ವಿಜಯಪುರಕ್ಕೆ ನನ್ನ ಮನೆಗೆ ಬಂದಳು. ಬರುವಾಗಲೇ ಮೂಗು ಕಟ್ಟಿತ್ತು. ಮರುದಿನ ಜ್ವರ. ಬಗ್ಗಿದರೆ ಹಣೆಯಲ್ಲಿ, ಎಡಗೆನ್ನೆಯಲ್ಲಿ ಕಲ್ಲು ಇಟ್ಟಂತೆ ಭಾರ.

"ಕಸ್ತೂರಿ, ತಲಿ ಸಿಡ್ಯಾಕತ್ತೈತವ್ವಾ. ಒಂದು ಅರಬಿ ಕೊಡು, ಕಟ್ಕೋತೀನಿ" ಎಂದಳು.

ನಾನು ಬ್ಲೌಸಿಗೆ ಒಳಗೆ ಹಚ್ಚುವ ಅಸ್ತರಿನ ಅಗಲದ ಪಟ್ಟಿಯೊಂದನ್ನು ಕೊಟ್ಟೆ. ಅವ್ವ ಹಣೆಗೆ ಬಾಮು ಬಳಿದುಕೊಂಡು ಅದನ್ನು ಹುಬ್ಬಿನವರೆಗೂ ಎಳೆದು ಬಿಗಿದುಕೊಂಡಳು. ನಾನು ಮಾಡಬೇಕಾದ್ದನ್ನು ಮಾಡಿದೆ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ, ಜ್ವರದ ಒಂದೇ ಗುಳಿಗೆಯನ್ನು ಹೇಳಿದ ಹೊತ್ತು ಬಿಟ್ಟು ಹೇಳಿದಷ್ಟೇ ಕೊಟ್ಟೆ, ಗಂಜಿ ಕುಡಿಸಿದೆ, ಬಿಸಿನೀರನ್ನು ಮೇಜಿನ ಮೇಲೆ ಅಲುಗದಂತಿಟ್ಟು ಹದವಾಗಿ ಹಬೆ ಹಿಡಿಸಿದೆ. ಸುಮ್ಮನೆ ಮಲಗಲು ಬಿಟ್ಟಿದ್ದರೆ ಹೆಚ್ಚಿನವರಿಗೆ ಇಷ್ಟರಲ್ಲೇ ವಾಸಿಯಾಗುತ್ತದೆ. ಆದರೆ ತಿಕೋಟೆಯಿಂದ ಬಬಲೇಶ್ವರಕ್ಕೆ ಸುದ್ದಿ ಹೋಗಿತ್ತು, ಅಲ್ಲಿಂದ ನಿಡೋಣಿಗೂ ಹೋಗಿತ್ತು.

ಮೊದಲ ಔಷಧ ಮನೆಯೊಳಗಿನಿಂದಲೇ ಬಂತು. ನಮ್ಮ ಮನೆಯವರು ದಿನಕ್ಕೊಂದು ವಿದ್ಯೆಯನ್ನು ಮೊಬೈಲಿನಲ್ಲಿ ನೋಡಿ ಕಲಿಯುವವರು. ಅಡುಗೆಮನೆಯಲ್ಲಿ ಲಿಂಬೆಹಣ್ಣು ಕೊಯ್ಯುತ್ತಾ ನಿಂತಿದ್ದರು.

"ಯಾಕ್ರಿ ಇದು?"

"ಎರಡೂ ಮೂಗಿನಾಗ ಎರಡೆರಡು ಹನಿ ಬಿಟ್ರ ಕಟ್ಟಿದ್ದೆಲ್ಲಾ ಒಡದು ಬರ್ತೈತಂತ. ವಿಡಿಯೋದಾಗ ತೋರಿಸ್ಯಾರ."

"ಮೊದ್ಲ ನಿಮ್ಮ ಮೂಗಿನಾಗ ಬಿಟ್ಕೊಂಡು ತೋರಸ್ರಿ, ನಾನೂ ವಿಡಿಯೋ ಮಾಡ್ತೀನಿ" ಎಂದೆ. ಲಿಂಬೆರಸ ಮೂಗಿನೊಳಗಿನ ಚರ್ಮವನ್ನು ಸುಡುತ್ತದೆ, ಉಸಿರಿನ ದಾರಿಗೆ ಇಳಿದರೆ ಜೀವಕ್ಕೇ ಮುಳುವು. ಇವರಿಗೆ ಅದು ಗೊತ್ತಿಲ್ಲ ಎಂಬುದಕ್ಕಿಂತ, ಗೊತ್ತಿಲ್ಲದಿದ್ದರೂ ಇನ್ನೊಬ್ಬರ ಮೂಗಿಗೆ ಬಿಡಲು ಹೊರಟ ಧೈರ್ಯಕ್ಕೆ ನನಗೆ ಸಿಟ್ಟು. ಆ ಹಣ್ಣನ್ನು ಕಸಿದು ಶರಬತ್ತು ಮಾಡಿ ಅವರಿಗೇ ಕುಡಿಸಿದೆ.

ಆಮೇಲೆ ಬಾಗಿಲ ಬಳಿ ಚಪ್ಪಲಿಗಳ ರಾಶಿ ಬೆಳೆಯಿತು. ಬಂದವರಲ್ಲಿ ಬರಿಗೈಯಲ್ಲಿ ಬಂದವರಿಲ್ಲ, ಬರಿಬಾಯಲ್ಲಿ ಬಂದವರಂತೂ ಇಲ್ಲವೇ ಇಲ್ಲ. ಒಬ್ಬಳು ಸೆರಗಿನ ಗಂಟು ಬಿಚ್ಚಿ, "ನಮ್ಮ ಸೊಸಿಗಿ ಬಾಣಂತನದಾಗ ಕೊಟ್ಟಿದ್ರವ್ವಾ, ಎರಡು ಉಳದಾವ, ಕೊಡು ನಿಮ್ಮವ್ವಗ" ಎಂದು ಯಾವುದೋ ಗುಳಿಗೆ ಕೊಟ್ಟಳು. ಸೊಸೆಯ ಬಾಣಂತನಕ್ಕೂ ಅವ್ವನ ನೆಗಡಿಗೂ ಏನು ಸಂಬಂಧ ಎಂದು ಕೇಳಿದರೆ, ಗುಳಿಗೆ ತುಟ್ಟಿಯದು, ಕೆಡುತ್ತದೆ ಎಂದಳು. ಪಕ್ಕದ ಮನೆಯ ಮುಮ್ತಾಜ್ ಆಪಾ ಒಳ್ಳೆಯ ಹೆಂಗಸು, ಶುಂಠಿ ಕಷಾಯವನ್ನು ಥರ್ಮಾಸಿನಲ್ಲಿ ತಂದಳು. ಜೊತೆಗೆ ಲೋಬಾನದ ಧೂಪವನ್ನೂ ತಂದಳು. ಅದೇ ಹೊತ್ತಿಗೆ ಶಿವಲೀಲತ್ತಿ ಬಬಲೇಶ್ವರದ ಬಸ್ಸು ಇಳಿದು, ಬಂದವಳೇ ಒಲೆಯ ಮೇಲೆ ಒಣಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆಯಲು ನಿಂತಳು. ಮೂಗು ಕಟ್ಟಿ ಉಸಿರಾಡಲು ಒದ್ದಾಡುತ್ತಿದ್ದ ಮುದುಕಿಯ ಕೋಣೆಯಲ್ಲಿ ಒಂದು ಕಡೆ ಲೋಬಾನ, ಇನ್ನೊಂದು ಕಡೆ ಮೆಣಸಿನಕಾಯಿ. ಬೇರೆ ಯಾವ ವಿಷಯಕ್ಕೆ ಒಮ್ಮತವಾಗದಿದ್ದರೂ ರೋಗಿಗೆ ಹೊಗೆ ಹಾಕಬೇಕು ಎಂಬುದರಲ್ಲಿ ನಮ್ಮ ಊರಿನ ಎಲ್ಲ ಜಾತಿ ಮತದವರೂ ಒಂದು.

ಎಲ್ಲರೂ ಕೆಮ್ಮಿದೆವು. ಎಲ್ಲರ ಕಣ್ಣಲ್ಲೂ ನೀರು. ಶಿವಲೀಲತ್ತಿ ಮಾತ್ರ, ಘಾಟು ಬಾರದಿದ್ದರೆ ತಾನೇ ದೃಷ್ಟಿ ಎಂಬುದನ್ನೂ ಮರೆತು, ಗೆದ್ದವಳಂತೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನೋಡಿದೇನು, ಎಷ್ಟು ದೃಷ್ಟಿ ಆಗಿತ್ತು ಅಂತ! ನೀ ನಂಬಾಂಗಿಲ್ಲ. ನಿನ್ನ ಥರ್ಮಾಮೀಟರ್ ಇದನ್ನ ತೋರಸ್ತೈತೇನು?"

ಮನೆಗೆ ಯಾರಾದರೂ ಬಂದರೆ, ಅದರಲ್ಲೂ ನಾದಿನಿ ಬಂದರೆ, ಅವ್ವ ತಲೆಯ ಮೇಲೆ ಸೆರಗು ಎಳೆದುಕೊಳ್ಳುವವಳು. ಮೈ ಸುಡುತ್ತಿದ್ದರೂ ಆ ಮರ್ಯಾದೆ ತಪ್ಪದು. ಹುಬ್ಬಿನವರೆಗೆ ಅಸ್ತರಿನ ಪಟ್ಟಿ, ಅದರ ಮೇಲೆ ಕಣ್ಣಿನವರೆಗೆ ಸೆರಗು. ಅವ್ವನನ್ನು ನೋಡಲೆಂದು ಬಸ್ಸು ಹತ್ತಿ ಬಂದವರೆಲ್ಲ ನೋಡಿದ್ದು ಒಂದು ಸೆರಗನ್ನು. ಆ ಸೆರಗಿನ ಎದುರು ಕೂತು ರೋಗ ಹೇಳಿದರು, ಔಷಧ ಹೇಳಿದರು, ಚಹಾ ಕುಡಿದು ಹೋದರು. ನಾನಾದರೂ ಏನು ನೋಡುತ್ತಿದ್ದೆ? ಚಹಾ ಸೋಸುತ್ತಿದ್ದೆ, ಬಂದವರ ಮೇಲೆ ಉರಿಯುತ್ತಿದ್ದೆ, ನಡುನಡುವೆ ಬಂದು ಥರ್ಮಾಮೀಟರಿನ ಅಂಕೆ ನೋಡುತ್ತಿದ್ದೆ. ಕಣ್ಣು ಉರಿಯುತ್ತದೆ ಎಂದು ಅವ್ವ ಹೇಳಿದ್ದಳು. ಬಾಮು ಬಳಿದುಕೊಂಡು ಮೆಣಸಿನ ಹೊಗೆ ಕುಡಿದರೆ ಉರಿಯದೆ ಇನ್ನೇನು ಮಾಡುತ್ತದೆ ಎಂದುಕೊಂಡೆ.

ಇಳಿದಿದ್ದ ಜ್ವರ ಮತ್ತೆ ಏರಿತು. ಹಾಗೆ ಇಳಿದು ಏರುವುದು ಒಳ್ಳೆಯದಲ್ಲ, ನಾಳೆ ಬೆಳಿಗ್ಗೆ ಡಾಕ್ಟರಿಗೆ ತೋರಿಸಬೇಕು ಎಂದು ಮನಸ್ಸಿನಲ್ಲಿ ಎಣಿಸುತ್ತಿರುವಾಗ ಶಿವಲೀಲತ್ತಿ ಬಾಯಿ ಹಾಕಿದಳು.

"ಸುಮ್ನ ದವಾಖಾನಿಗಿ ಒಯ್ದು ಒಂದು ಸಲಾಯನ್ ಹಚ್ಚಸಬೇ. ಎದ್ದು ಕುಂದ್ರತಾಳ."

"ಅತ್ತಿ, ಸಲಾಯನ್ ಅಂದ್ರ ಉಪ್ಪಿನ ನೀರು. ಅದಕ್ಕ ಅಷ್ಟು ದೂರ ಯಾಕ ಹೋಗೂದು? ಮನ್ಯಾಗ ಉಪ್ಪು ಇಲ್ಲೇನು, ನೀರು ಇಲ್ಲೇನು?" ಎಂದೆ. ಬಹಳ ಜಾಣತನದ ಮಾತು ಆಡಿದೆನೆಂದು ನನಗೇ ನನ್ನ ಮೇಲೆ ಮೆಚ್ಚುಗೆಯಾಯಿತು. ಸುತ್ತ ಕೂತವರಿಗೆ ಅದು ಅರ್ಥವಾಗಲಿಲ್ಲವಲ್ಲ ಎಂದು ಬೇಸರವೂ ಆಯಿತು. ಮರುದಿನ ಬೆಳಿಗ್ಗೆ ನಾವು ಡಾಕ್ಟರಿಗೆ ಹೊರಡುವ ಮೊದಲೇ ಅವರೆಲ್ಲ ಮತ್ತೆ ಬಂದು ಕೂತರು. ಚಹಾದ ತಟ್ಟೆ ಹಿಡಿದು ಎಲ್ಲರಿಗೂ ಕೊಡುತ್ತಾ ಬಂದು ಅವ್ವನ ಮುಂದೆ ಒಂದು ಕಪ್ಪು ಇಟ್ಟೆ.

ಅವ್ವ ಕೈ ಚಾಚಿದಳು. ಕಪ್ಪಿನ ಪಕ್ಕದ ಖಾಲಿ ಜಾಗವನ್ನು ಹಿಡಿದಳು. ಮತ್ತೊಮ್ಮೆ ಹಿಡಿದಳು.

"ನನಗ್ಯಾಕ ಎರಡು ಕಪ್ಪು ಇಟ್ಟೀಯವ್ವಾ? ಒಂದು ಅತ್ತಿಗಿ ಕೊಡು" ಎಂದಳು.

ಎಲ್ಲರೂ ನಕ್ಕರು. "ಜ್ವರಾ ತಲಿಗೇರ್ಯಾವ" ಎಂದಳೊಬ್ಬಳು. "ವಯಸ್ಸಾತಲ್ಲ" ಎಂದಳು ಇನ್ನೊಬ್ಬಳು. ನಾನು ತಟ್ಟೆಯನ್ನು ನೆಲಕ್ಕಿಟ್ಟೆ. ಯಾವ ಔಷಧವೂ, ಯಾವ ವಿಡಿಯೋವೂ ಬೇಡ, ಒಂದೇ ಕಪ್ಪು ಎರಡಾಗಿ ಕಾಣುವುದು ನೆಗಡಿಯಲ್ಲ ಎಂದು ಮೈಯ ಕೂದಲೇ ಹೇಳಿತು. ಅಷ್ಟು ಜನರ ಮುಂದೆ ಅವ್ವನ ಸೆರಗು ಸರಿಸಿದೆ. "ಏ, ಹಿರ್ಯಾರು ಕುಂತಾರ" ಎಂದು ಅವ್ವ ಕೈ ಅಡ್ಡ ತಂದಳು. ಕೈಯನ್ನೂ ಸರಿಸಿ, ತಲೆಯ ಪಟ್ಟಿ ಬಿಚ್ಚಿದೆ.

ಎಡಗಣ್ಣಿನ ರೆಪ್ಪೆ ಊದಿ, ಕೆಂಪಗೆ, ಮುಚ್ಚಿಕೊಳ್ಳುವಂತಾಗಿತ್ತು. ಕಣ್ಣಿನ ಗುಡ್ಡೆಯೇ ಮುಂದಕ್ಕೆ ಬಂದಂತಿತ್ತು. ಮುಟ್ಟಿದರೆ ಅವ್ವ ನರಳಿದಳು. ಮೂರು ಊರಿನ ವೈದ್ಯವಿದ್ಯೆ ಅಲ್ಲಿ ನೆರೆದಿತ್ತು, ಒಬ್ಬರಾದರೂ ಆ ಮುಖವನ್ನು ನೋಡಿರಲಿಲ್ಲ.

ಆಟೋದಲ್ಲಿ ಅವ್ವ ನನ್ನ ತೊಡೆಯ ಮೇಲೆ ತಲೆಯಿಟ್ಟು, "ಬಂದವರು ಚಾ ಕುಡದ್ರೇನು?" ಎಂದು ಕೇಳಿದಳು.

ದವಾಖಾನೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಖಡಕ್ಕು. ನೋಡಿದ ಕೂಡಲೇ ಸ್ಕ್ಯಾನ್ ಮಾಡಿಸಿದಳು.

"ಮೂಗಿನ ಬಾಜೂ ಪೊಳ್ಳು ಇರ್ತಾವಲ್ರಿ, ಸೈನಸ್, ಅದರಾಗ ಕೀವು ತುಂಬೈತಿ. ಅದು ಕಣ್ಣಿನ ಕಡೆ ಹೊಂಟೈತಿ. ಸಾದಾ ಸೈನಸ್ ಮನ್ಯಾಗ ಆರಾಮ ಆಗ್ತೈತಿ, ಯಾರೂ ಬ್ಯಾಡ ಅನ್ನಾಂಗಿಲ್ಲ. ಕಣ್ಣು ಊದಿದ್ರ, ಎರಡೆರಡು ಕಂಡ್ರ, ಕುತ್ತಿಗಿ ಸೆಟದ್ರ, ಮಾತು ತಪ್ಪಿದ್ರ ಒಂದು ತಾಸೂ ಮನ್ಯಾಗ ಇಟ್ಕೋಬಾರದು. ಇಷ್ಟು ಬಾಮ್ ಹಚ್ಚೀರಿ, ಹಚ್ಚುವಾಗ ಯಾರೂ ಮಾರಿ ನೋಡಲಿಲ್ಲೇನು?"

ನಾನು ಕೈಯಲ್ಲಿದ್ದ ಅಸ್ತರಿನ ಪಟ್ಟಿಯಿಂದ ಅವ್ವನ ಹಣೆಯ ಬಾಮು ಒರೆಸತೊಡಗಿದೆ.

"ಕಣ್ಣು ಉಳೀತೈತ್ರಿ?" ಎಂದು ಕೇಳಿದವರು ನಮ್ಮ ಮನೆಯವರು.

"ಈಗ ಹೇಳಾಕ ಬರಾಂಗಿಲ್ಲ. ಕೀವು ತಗೀತೀವಿ, ನರದಾಗ ಔಷಧ ಬಿಡ್ತೀವಿ. ನೋಡೋಣ್ರಿ."

ಮೂಗಿನ ಒಳಗಿನಿಂದಲೇ ಕೀವು ತೆಗೆದರು. ಕೈಗೆ ನಳಿಗೆ ಹಚ್ಚಿದರು. ಮೇಲೆ ಬಾಟಲಿ ತೂಗುಹಾಕಿದರು. ಶಿವಲೀಲತ್ತಿ ಬ್ರೆಡ್ಡಿನ ಪ್ಯಾಕೀಟು ಹಿಡಿದು ವಾರ್ಡಿನ ಬಾಗಿಲಿಗೆ ಬಂದಳು, ಬಾಟಲಿ ನೋಡಿದಳು, ನನ್ನನ್ನು ನೋಡಿದಳು. ಅವಳ ಮುಖ ಅರಳಿದ ಬಗೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಕಡೀಕ ಹಚ್ಚಸಬೇಕಾತಲ್ಲ? ನಾ ಅವತ್ತ ಹೇಳಿದ್ದೆ, ಸಲಾಯನ್ ಹಚ್ಚಸು ಅಂತ. ಉಪ್ಪಿನ ನೀರು ಅಂದಿ."

ಬಾಟಲಿಯೊಳಗೆ ಇರುವುದು ಸೋಂಕಿನ ಔಷಧ, ಅತ್ತಿಯ ಸಲಾಯನ್ ಅಲ್ಲ ಎಂದು ಹೇಳಬಹುದಿತ್ತು. ಆದರೆ ಅವಳು ಹೇಳಿದ ದಡ್ಡ ಮಾತನ್ನು ಕೇಳಿ ಅವತ್ತೇ ಹೊರಟಿದ್ದರೆ ಒಬ್ಬ ಡಾಕ್ಟರಾದರೂ ಅವ್ವನ ಸೆರಗು ಸರಿಸಿ ನೋಡುತ್ತಿದ್ದ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ದಡ್ಡರ ಬಾಯಿಂದ ತಪ್ಪು ಕಾರಣಕ್ಕೆ ಸರಿಯಾದ ಮಾತು ಬಂದರೆ ಸಹಿಸಿಕೊಳ್ಳುವುದು ಬಹಳ ಕಷ್ಟ. ಅಂದಿನಿಂದ ಅವಳು ಆ ವಾರ್ಡಿನ ಮೇಲ್ವಿಚಾರಕಿಯಾದಳು. ಒಂದೊಂದು ಮಂಚದ ಬಳಿಯೂ ನಿಂತು ಯಾರಿಗೆ ಏನಾಗಿದೆ ಎಂದು ವಿಚಾರಿಸಿದಳು, ಪ್ರತಿಯೊಬ್ಬರಿಗೂ ಔಷಧ ಹೇಳಿದಳು. ತೊರವಿಯಿಂದ ಬಂದಿದ್ದ ಒಬ್ಬ ಹೆಂಗಸಿನ ಮುರಿದ ಕಾಲಿಗೂ ದೃಷ್ಟಿಯೇ ಕಾರಣ ಎಂದಳು. ನಾನು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ಅವ್ವ ಎಡಗಣ್ಣು ತೆರೆಯಲಾಗದೆ ಮಲಗಿರುತ್ತಿದ್ದಳು. ಆ ಕಣ್ಣು ತೆರೆದರೂ ಅದರಲ್ಲಿ ಬೆಳಕು ಇರುತ್ತದೋ ಇಲ್ಲವೋ ಎಂಬ ಭಯದಲ್ಲಿ ನನಗೆ ಅನ್ನ ಇಳಿಯುತ್ತಿರಲಿಲ್ಲ. ಹೊಲಿಯಲು ಕೊಟ್ಟ ಬ್ಲೌಸುಗಳಿಗಾಗಿ ಫೋನು ಬಂದರೆ ಎತ್ತುತ್ತಿರಲಿಲ್ಲ.

ಊತ ಇಳಿಯಿತು. ಒಂದು ಬೆಳಿಗ್ಗೆ ಡಾಕ್ಟರಮ್ಮ ಬಂದು ಅವ್ವನನ್ನು ಎಬ್ಬಿಸಿ ಕೂರಿಸಿದಳು. ಬಲಗಣ್ಣು ಮುಚ್ಚಿ, ಎಡಗಣ್ಣಿನ ಮುಂದೆ ಬೆರಳು ಆಡಿಸಿದಳು. ಬೆರಳು ಹೋದ ಕಡೆಗೆಲ್ಲ ಅವ್ವನ ಕಣ್ಣು ಹೋಯಿತು. ಆಮೇಲೆ ಎರಡೂ ಕಣ್ಣು ತೆರೆಯಲು ಹೇಳಿದಳು. ಶಿವಲೀಲತ್ತಿ ಮಂಚದ ಕಾಲ ಬಳಿ ನಿಂತು, ಯಾವ ಸಲಾಯನ್ನಿಗೆ ಎಷ್ಟು ಗುಣ ಎಂದು ಪಕ್ಕದ ಮಂಚದವರಿಗೆ ಹೇಳುತ್ತಿದ್ದಳು.

"ಅಮ್ಮಾ, ಅಲ್ಲಿ ನಿಂತವರು ಯಾರ್ರಿ?"

"ನಮ್ಮ ನಾದಿನಿರಿ."

"ಎಷ್ಟು ಮಂದಿ ಕಾಣ್ತಾರ ಹೇಳ್ರಿ."

ಅವ್ವ ತಡವರಿಸಿದಳು. ಕಣ್ಣು ಕಿರಿದು ಮಾಡಿದಳು. ಅತ್ತಿಯ ಬಾಯಿ ಅಪರೂಪಕ್ಕೆ ನಿಂತಿತು. ನಾನು ಮಂಚದ ಕಬ್ಬಿಣದ ಪಟ್ಟಿಯನ್ನು ಹಿಡಿದುಕೊಂಡೆ. ಅವ್ವ ಅತ್ತಿಯನ್ನು ತಲೆಯಿಂದ ಕಾಲಿನವರೆಗೆ, ಮದುವೆಯಾಗಿ ಬಂದ ದಿನದಿಂದ ನೋಡದೆ ಉಳಿದದ್ದನ್ನೆಲ್ಲ ಒಂದೇ ಸಲಕ್ಕೆ ನೋಡುವವಳಂತೆ ನಿಧಾನವಾಗಿ ನೋಡಿದಳು.

"ಒಬ್ಬಾಕಿನ ಅದಾಳ್ರಿ" ಎಂದಳು. ಸ್ವಲ್ಪ ತಡೆದು, "ಒಬ್ಬಾಕಿನ ಭಾಳ ಆದ್ಳು. ಇಬ್ಬರು ಕಂಡಾಗ ನನ್ನ ಜೀವಾನ ಹೋಗಿತ್ರಿ ಯವ್ವಾ."

ವಾರ್ಡಿಗೆ ವಾರ್ಡೇ ನಕ್ಕಿತು. ಡಾಕ್ಟರಮ್ಮನೂ ನಕ್ಕಳು. ನನಗೆ ನಗು ಬರಲಿಲ್ಲ. ಎದ್ದು ಹೋಗಿ, ನನ್ನ ಜೀವಮಾನದಲ್ಲಿ ನಾನು ಅತಿ ಹೆಚ್ಚು ಬೈದುಕೊಂಡ ಆ ಹೆಂಗಸಿನ ಹೆಗಲ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತೆ. ಅತ್ತಿ ಸಿಟ್ಟಿನಿಂದ ಏನೋ ಹೇಳಲು ಹೊರಟವಳು ನಿಂತಳು. ನನ್ನ ಬೆನ್ನ ಮೇಲೆ ಕೈಯಾಡಿಸುತ್ತಾ, "ಅಳಬ್ಯಾಡಬೇ ಹುಚ್ಚಿ, ಕಂಡ್ನಲ್ಲ ಆಕಿಗಿ, ಒಬ್ಬಾಕಿನ ಕಂಡೆ" ಎಂದಳು. ಹಾಗೆನ್ನುತ್ತಲೇ ನನಗಿಂತ ಜೋರಾಗಿ ಅಳತೊಡಗಿದಳು.